ಗರ್ಭಕೋಶ ತೆಗೆದ ನಂತರದ ಬದುಕು: ಒಂದು ಚಾರಿತ್ರಿಕ ಅವಲೋಕನ

ಗ್ರಂಥಭಾಷೆಯಲ್ಲಿ 'ಗರ್ಭಕೋಶ' ಅಥವಾ 'ಗರ್ಭಾಶಯ' ಎನಿಸಿಕೊಳ್ಳುವ ಅಂಗವನ್ನು ಉತ್ತರ ಕರ್ನಾಟಕದ ಆಡುಮಾತು 'ಗರ್ಭಚೀಲ' ಎಂದು ಕರೆಯುತ್ತದೆ. 'ಆಕೆಗೆ ಚೀಲ ತೆಗೆಸಿದ್ದಾರೆ' ಎಂಬ ಮಾತು ಅಲ್ಲಿನ ಹೆಂಗಸರ ನಡುವೆ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಒಂದು ಶಬ್ದದಲ್ಲಿ ಒಂದು ಕಲ್ಪನೆಯೇ ಅಡಗಿದೆ. ಚೀಲವೆಂಬುದು ಏನನ್ನಾದರೂ ಹೊರುವುದಕ್ಕಾಗಿ ಇರುವ ವಸ್ತು. ಹೊರುವ ಕೆಲಸ ಮುಗಿದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಕ್ಕಳಾದ ಮೇಲೆ ಅದನ್ನೇಕೆ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಭಾವನೆಯೂ ಅದೇ ಸಮಾಜದಲ್ಲಿ ಜೊತೆಯಾಗಿಯೇ ಬದುಕಿದೆ. ಗರ್ಭಕೋಶ ಹೋದರೆ ಹೆಣ್ಣುತನವೇ ಹೋಯಿತು, ಮೈ ಟೊಳ್ಳಾಯಿತು, ಇನ್ನು ದಾಂಪತ್ಯಸುಖವಿಲ್ಲ ಎಂಬ ಭಾವನೆ ಅದು.

ಈ ಎರಡೂ ಕಲ್ಪನೆಗಳು ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ವೈದ್ಯಶಾಸ್ತ್ರದ ಇತಿಹಾಸವನ್ನು ಪರಿಶೀಲಿಸಿದರೆ ಆ ಶಾಸ್ತ್ರವೇ ಶತಮಾನಗಳ ಕಾಲ ಇವೆರಡರ ನಡುವೆ ತೂಗಾಡಿರುವುದು ಕಂಡುಬರುತ್ತದೆ. ಗರ್ಭಕೋಶವನ್ನು ತೆಗೆದ ನಂತರ ಸ್ತ್ರೀಯ ಮನಸ್ಸು ಹೇಗಿರುತ್ತದೆ, ಆಕೆಯ ದಾಂಪತ್ಯಜೀವನ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಬಹುಕಾಲ ಉತ್ತರ ಹೇಳಿದವರು ತತ್ತ್ವಜ್ಞಾನಿಗಳು, ಶಸ್ತ್ರವೈದ್ಯರು ಮತ್ತು ಮನೋವಿಶ್ಲೇಷಕರು. ಸ್ವತಃ ಆ ಸ್ತ್ರೀಯನ್ನು ಕ್ರಮಬದ್ಧವಾಗಿ ಕೇಳಿ ತಿಳಿಯುವ ಪದ್ಧತಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹಾಗೆ ಕೇಳಿದಾಗ ದೊರೆತ ಉತ್ತರಗಳು ಮೇಲಿನ ಎರಡು ಕಲ್ಪನೆಗಳಲ್ಲಿ ಯಾವುದನ್ನೂ ಸಮರ್ಥಿಸಲಿಲ್ಲ. ಈ ಬದಲಾವಣೆಯ ಹಾದಿಯನ್ನು ಗುರುತಿಸುವುದು ಹಾಗೂ ಅದು ಕರ್ನಾಟಕದ ಸಂದರ್ಭಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪ್ರಾಚೀನರ ಕಲ್ಪನೆಗಳು

ಗ್ರೀಕ್ ಭಾಷೆಯಲ್ಲಿ ಗರ್ಭಕೋಶಕ್ಕೆ 'ಹಿಸ್ಟೆರಾ' ಎಂದು ಹೆಸರು. ಇಂದು ಶಸ್ತ್ರಕ್ರಿಯೆಗೆ ಬಳಕೆಯಲ್ಲಿರುವ 'ಹಿಸ್ಟರೆಕ್ಟಮಿ' ಎಂಬ ಶಬ್ದವೂ, ಮನೋರೋಗವೊಂದಕ್ಕೆ ದೀರ್ಘಕಾಲ ಅಂಟಿಕೊಂಡಿದ್ದ 'ಹಿಸ್ಟೀರಿಯಾ' ಎಂಬ ಶಬ್ದವೂ ಇದೇ ಮೂಲದಿಂದ ಬಂದವು. ಒಂದು ಅಂಗದ ಹೆಸರೇ ಒಂದು ಮನೋರೋಗದ ಹೆಸರಾದದ್ದು ಆಕಸ್ಮಿಕವಲ್ಲ. ಪ್ಲೇಟೋ ತನ್ನ 'ಟಿಮೇಯಸ್' ಸಂವಾದದಲ್ಲಿ ಗರ್ಭಕೋಶವನ್ನು ಸಂತಾನಕ್ಕಾಗಿ ಹಂಬಲಿಸುವ ಒಂದು ಜೀವಿಯೆಂಬಂತೆ ವರ್ಣಿಸಿದ್ದಾನೆ. ಬಹುಕಾಲ ಬರಿದಾಗಿ ಉಳಿದರೆ ಅದು ದೇಹದಲ್ಲೆಲ್ಲ ಅಲೆದಾಡಿ ರೋಗಗಳನ್ನು ಉಂಟುಮಾಡುತ್ತದೆ ಎಂಬುದು ಅಲ್ಲಿನ ವಿವರಣೆ. ಸ್ತ್ರೀಯ ಮನಸ್ಸಿನ ತಳಮಳಗಳಿಗೆಲ್ಲ ಗರ್ಭಕೋಶವೇ ಕಾರಣವೆಂಬ ನಂಬಿಕೆಗೆ ಇಂತಹ ಬರಹಗಳು ಆಧಾರವಾದವು.

ಆದರೆ ಪ್ರಾಚೀನರೆಲ್ಲರೂ ಇದನ್ನು ಒಪ್ಪಿರಲಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ವೈದ್ಯವೃತ್ತಿ ನಡೆಸಿದ ಎಫೆಸಸ್‌ನ ಸೊರಾನಸ್, ಗರ್ಭಕೋಶವು ಅಲೆದಾಡುವ ಪ್ರಾಣಿಯಲ್ಲವೆಂದು ಸ್ಪಷ್ಟವಾಗಿ ವಾದಿಸಿದನು. ಜಾರಿ ಹೊರಬಂದು ಕೊಳೆತ ಗರ್ಭಕೋಶವನ್ನು ಕತ್ತರಿಸಿ ತೆಗೆದರೂ ಸ್ತ್ರೀ ಬದುಕಬಲ್ಲಳು ಎಂಬ ಅಭಿಪ್ರಾಯವೂ ಅವನ ಗ್ರಂಥದಲ್ಲಿದೆ. ಈ ಅಂಗವಿಲ್ಲದೆಯೂ ಸ್ತ್ರೀಗೆ ಜೀವನವುಂಟು ಎಂಬ ಮಾತು ಇಷ್ಟು ಹಿಂದೆಯೇ ದಾಖಲಾಗಿರುವುದು ಗಮನಾರ್ಹ.

ಭಾರತೀಯ ವೈದ್ಯಪರಂಪರೆಯ ದಾರಿ ಬೇರೆಯಾಗಿತ್ತು. ಸುಶ್ರುತಸಂಹಿತೆಯು ದೇಹದ ಏಳು ಆಶಯಗಳನ್ನು ಹೇಳಿ, ಸ್ತ್ರೀಯರಿಗೆ ಎಂಟನೆಯದಾಗಿ ಗರ್ಭಾಶಯವನ್ನು ಎಣಿಸುತ್ತದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳ ವಿವೇಚನೆಯಿದೆ. ಅತಿಸ್ರಾವ, ನೋವು, ಜಾರುವಿಕೆ, ಸಂಗಕಾಲದ ಬಾಧೆ ಮೊದಲಾದವನ್ನು ಅಲ್ಲಿ ಬೇರೆ ಬೇರೆಯಾಗಿ ಗುರುತಿಸಿ, ವಾತಾದಿ ದೋಷಗಳಿಗೆ ಅನುಗುಣವಾಗಿ ಚಿಕಿತ್ಸೆಯನ್ನು ಸೂಚಿಸಲಾಗಿದೆ. ಸಂಗಕಾಲದ ನೋವನ್ನು ವೈದ್ಯನು ಗಮನಿಸಬೇಕಾದ ವ್ಯಾಧಿಯೆಂದು ಪರಿಗಣಿಸಿರುವುದು ಇಲ್ಲಿನ ವಿಶೇಷ. ಇಡೀ ಅಂಗವನ್ನು ತೆಗೆದುಹಾಕುವುದು ಆ ಚಿಕಿತ್ಸಾಕ್ರಮದ ಭಾಗವಾಗಿರಲಿಲ್ಲ. ಹೀಗಾಗಿ 'ತೆಗೆದ ನಂತರ ಏನು' ಎಂಬ ಪ್ರಶ್ನೆ ನಮ್ಮಲ್ಲಿ ಆಧುನಿಕ ಶಸ್ತ್ರವೈದ್ಯದೊಂದಿಗೇ ಕಾಲಿಟ್ಟಿತು.

ಶಸ್ತ್ರಚಿಕಿತ್ಸೆಯ ಶತಮಾನ

1813ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ಕೊನ್ರಾಡ್ ಲಾಂಗನ್‌ಬೆಕ್ ಎಂಬ ಶಸ್ತ್ರವೈದ್ಯನು ಯೋನಿಮಾರ್ಗವಾಗಿ ಗರ್ಭಕೋಶವನ್ನು ತೆಗೆದನು. ಆತನ ಸಹೋದ್ಯೋಗಿಗಳು ಇದನ್ನು ನಂಬಲಿಲ್ಲ. ಆ ಸ್ತ್ರೀ ಮುಂದೆ ಇಪ್ಪತ್ತಾರು ವರ್ಷ ಬದುಕಿ, ವಯಸ್ಸಾಗಿ ತೀರಿಕೊಂಡಳು. ಆಕೆಯ ಶವಪರೀಕ್ಷೆ ನಡೆದು ಗರ್ಭಕೋಶವಿಲ್ಲದಿರುವುದು ಖಚಿತವಾದ ಮೇಲೆಯೇ ವೈದ್ಯನ ಮಾತಿಗೆ ಮನ್ನಣೆ ದೊರೆಯಿತು. ವೈದ್ಯಕೀಯ ಚರಿತ್ರೆಯ ಪುಟಗಳಲ್ಲಿ ಈ ಪ್ರಸಂಗವು ವೈದ್ಯನ ಸಾಹಸವಾಗಿ ನಿರೂಪಿತವಾಗಿದೆ. ಆದರೆ ಆ ಇಪ್ಪತ್ತಾರು ವರ್ಷಗಳ ಬದುಕಿನ ಬಗ್ಗೆ ಅದೇ ಕಥೆ ಏನನ್ನೂ ಹೇಳುವುದಿಲ್ಲ. ವಾದವನ್ನು ಬಗೆಹರಿಸಲು ಬೇಕಾಗಿದ್ದುದು ಆಕೆಯ ಶರೀರ, ಆಕೆಯ ಅನುಭವವಲ್ಲ.

ಉದರವನ್ನು ಸೀಳಿ ಗರ್ಭಕೋಶ ತೆಗೆಯುವ ಪ್ರಯತ್ನಗಳು ಆರಂಭದಲ್ಲಿ ಬಹುಪಾಲು ಸಾವಿನಲ್ಲಿ ಕೊನೆಗೊಂಡವು. 1843ರಲ್ಲಿ ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಕ್ಲೇ ನಡೆಸಿದ ಶಸ್ತ್ರಕ್ರಿಯೆಯ ನಂತರ ರೋಗಿ ಉಳಿಯಲಿಲ್ಲ. 1853ರಲ್ಲಿ ಅಮೆರಿಕದ ಲೋವೆಲ್ ಪಟ್ಟಣದಲ್ಲಿ ವಾಲ್ಟರ್ ಬರ್ನಹ್ಯಾಮ್ ನಡೆಸಿದ ಶಸ್ತ್ರಕ್ರಿಯೆಯಲ್ಲಿ ರೋಗಿ ಬದುಕುಳಿದಳು. ಅರಿವಳಿಕೆ ಮತ್ತು ನಂಜುನಿರೋಧಕ ವಿಧಾನಗಳು ಬಳಕೆಗೆ ಬಂದ ಮೇಲೆ ಈ ಶಸ್ತ್ರಕ್ರಿಯೆ ಕ್ರಮೇಣ ಸುರಕ್ಷಿತವಾಯಿತು. ಜೀವ ಉಳಿಯುವುದೇ ದೊಡ್ಡದಾಗಿದ್ದ ಕಾಲದಲ್ಲಿ ಅನಂತರದ ಸುಖದುಃಖಗಳನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲವೆಂಬುದನ್ನು ಒಪ್ಪಬಹುದು.

ಆದರೆ ಅದೇ ಶತಮಾನದಲ್ಲಿ ಶಸ್ತ್ರವು ಮನಸ್ಸಿನ ಚಿಕಿತ್ಸೆಗೂ ಕೈಚಾಚಿತು. 1872ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ರಾಬರ್ಟ್ ಬ್ಯಾಟಿ ಎಂಬ ವೈದ್ಯನು ಮುಟ್ಟಿನ ತೊಂದರೆ ಹಾಗೂ ಅದಕ್ಕೆ ಸಂಬಂಧಿಸಿದ್ದೆಂದು ಭಾವಿಸಲಾದ ನರಬಾಧೆಗಳಿಗಾಗಿ ಅಂಡಾಶಯಗಳನ್ನೇ ತೆಗೆಯುವ ಪದ್ಧತಿಯನ್ನು ಆರಂಭಿಸಿದನು. ಉನ್ಮಾದ, ಅಪಸ್ಮಾರ ಮುಂತಾದ ಕಾರಣಗಳನ್ನು ಮುಂದೊಡ್ಡಿ ರೋಗವೇ ಇಲ್ಲದ ಅಂಡಾಶಯಗಳನ್ನು ಅನೇಕ ಸ್ತ್ರೀಯರಿಂದ ತೆಗೆಯಲಾಯಿತು. ಇದಕ್ಕೆ ಮೊದಲೇ, 1867ರಲ್ಲಿ, ಲಂಡನ್ನಿನ ಪ್ರಸೂತಿವೈದ್ಯರ ಸಂಘವು ಐಸಾಕ್ ಬೇಕರ್ ಬ್ರೌನ್ ಎಂಬ ಶಸ್ತ್ರವೈದ್ಯನನ್ನು ಸದಸ್ಯತ್ವದಿಂದ ಹೊರಹಾಕಿತ್ತು. ಮನೋವ್ಯಾಧಿಯ ಚಿಕಿತ್ಸೆಯೆಂದು ಆತ ಸ್ತ್ರೀಯರ ಚಂದ್ರನಾಡಿಯನ್ನು ಕತ್ತರಿಸುತ್ತಿದ್ದನು. ರೋಗಿಗೆ ಸರಿಯಾಗಿ ತಿಳಿಸದೆ, ಆಕೆಯ ಒಪ್ಪಿಗೆ ಪಡೆಯದೆ ಇಂತಹ ಕ್ರಿಯೆ ನಡೆಸಬಹುದೆ ಎಂಬುದು ಆ ಚರ್ಚೆಯ ಮುಖ್ಯ ವಿಷಯಗಳಲ್ಲೊಂದಾಗಿತ್ತು. ಒಪ್ಪಿಗೆಯ ಪ್ರಶ್ನೆ ಹೀಗೆ ಆಗಲೇ ಎದ್ದಿತ್ತು. ಆದರೆ ಅದು ನೆಲೆಯೂರಲು ಇನ್ನೊಂದು ಶತಮಾನವೇ ಬೇಕಾಯಿತು.

ಮನಸ್ಸಿನ ಪ್ರಶ್ನೆ

1929ನೆಯ ವರ್ಷ ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾಗಿದೆ. ಆ ವರ್ಷ ಅಮೆರಿಕದ ಎಡ್ವರ್ಡ್ ರಿಚರ್ಡ್‌ಸನ್ ಗರ್ಭಕಂಠವನ್ನೂ ಸೇರಿಸಿ ಇಡೀ ಗರ್ಭಕೋಶವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದನು. ಅದೇ ವರ್ಷ ಎಡ್ವರ್ಡ್ ಡಾಯ್ಸಿ ಮತ್ತು ಅಡಾಲ್ಫ್ ಬುಟೆನಾಂಟ್ ಪ್ರತ್ಯೇಕವಾಗಿ ಸ್ತ್ರೀ ಹಾರ್ಮೋನಾದ ಈಸ್ಟ್ರೋನನ್ನು ಬೇರ್ಪಡಿಸಿದರು. ಸ್ತ್ರೀದೇಹದಲ್ಲಿ ಹಾರ್ಮೋನುಗಳನ್ನು ಸ್ರವಿಸುವುದು ಮುಖ್ಯವಾಗಿ ಅಂಡಾಶಯವೇ ಹೊರತು ಗರ್ಭಕೋಶವಲ್ಲ ಎಂಬ ತಿಳಿವಳಿಕೆ ಇಂತಹ ಸಂಶೋಧನೆಗಳಿಂದ ಗಟ್ಟಿಯಾಯಿತು. ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಉಳಿಸಿದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನುಗಳ ಸ್ರಾವ ನಿಲ್ಲುವುದಿಲ್ಲ. ಸಹಜ ಋತುಬಂಧವು ತುಸು ಬೇಗ ಬರಬಹುದು. ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧವು ಒಮ್ಮೆಲೇ ಎರಗುತ್ತದೆ. ಮೈಬಿಸಿ, ನಿದ್ರಾಹೀನತೆ, ಯೋನಿಯ ಒಣಗುವಿಕೆ, ಕಾಮಾಸಕ್ತಿಯ ಕುಂದು, ಮೂಳೆಗಳ ಸವೆತ ಇವೆಲ್ಲ ಅದರ ಫಲಗಳು. ಗರ್ಭಕೋಶದ ಶಸ್ತ್ರಕ್ರಿಯೆಯ ಮೇಲೆ ಜನ ಹೊರಿಸುವ ಅನೇಕ ದೂರುಗಳು ವಸ್ತುತಃ ಅಂಡಾಶಯ ತೆಗೆದುದರ ಪರಿಣಾಮಗಳು.

ಮನೋವಿಶ್ಲೇಷಕರು ಈ ವಿಷಯವನ್ನು ಬೇರೆ ದಿಕ್ಕಿನಿಂದ ನೋಡಿದರು. 1958ರಲ್ಲಿ ಅಮೆರಿಕದ ಡ್ರೆಲಿಕ್ ಮತ್ತು ಬೀಬರ್ ಎಂಬ ವೈದ್ಯರು ಶಸ್ತ್ರಕ್ರಿಯೆಗೊಳಗಾದ ಸ್ತ್ರೀಯರೊಡನೆ ಮಾತನಾಡಿ, ಗರ್ಭಕೋಶಕ್ಕೆ ಅವರು ಕೊಡುವ ಅರ್ಥಗಳನ್ನು ದಾಖಲಿಸಿದರು. ಅದು ಕೇವಲ ಹೆರುವ ಅಂಗವಾಗಿರಲಿಲ್ಲ. ತಿಂಗಳಿಗೊಮ್ಮೆ ಮೈಯನ್ನು ಶುದ್ಧಿಗೊಳಿಸುವ ದ್ವಾರವೂ, ಬಲ ಮತ್ತು ತಾರುಣ್ಯದ ಆಧಾರವೂ ಆಗಿತ್ತು. 'ಕೆಟ್ಟ ರಕ್ತ ಹೊರಹೋಗದಿದ್ದರೆ ಮೈಗೆ ನಂಜು' ಎಂದು ನಂಬುವ ನಮ್ಮ ಹಳ್ಳಿಯ ಹೆಂಗಸಿಗೂ ನ್ಯೂಯಾರ್ಕಿನ ಆ ರೋಗಿಗಳಿಗೂ ಈ ವಿಷಯದಲ್ಲಿ ಅಂತರವಿರಲಿಲ್ಲ. ಅಂಗವು ಹೋದಾಗ ಅದರ ಅರ್ಥವೂ ಹೋಗುತ್ತದೆ. ಆ ನಷ್ಟಕ್ಕೆ ಶೋಕವುಂಟು ಎಂಬುದನ್ನು ಈ ಅಧ್ಯಯನ ಮನಗಾಣಿಸಿತು.

1973ರಲ್ಲಿ ಆಕ್ಸ್‌ಫರ್ಡ್‌ನ ಕುಟುಂಬವೈದ್ಯ ಡಿ.ಎಚ್. ರಿಚರ್ಡ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಗರ್ಭಕೋಶ ತೆಗೆಸಿಕೊಂಡವರಲ್ಲಿ ಖಿನ್ನತೆ ಹೆಚ್ಚೆಂದು ಬರೆದರು. ಮರುವರ್ಷ ಅವರು ಇದನ್ನು ಒಂದು ಪ್ರತ್ಯೇಕ ರೋಗಲಕ್ಷಣ ಸಮೂಹವೆಂದೇ ಕರೆದರು. ಆದರೆ ಈ ವಾದಕ್ಕೆ ಒಂದು ಕೊರತೆಯಿತ್ತು. ಶಸ್ತ್ರಕ್ರಿಯೆಗೆ ಮೊದಲು ಆ ಸ್ತ್ರೀಯರ ಮನಃಸ್ಥಿತಿ ಹೇಗಿತ್ತೆಂಬುದನ್ನು ಆಗಲೇ ಅಳೆದಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು 1982ರಲ್ಲಿ ಪ್ರಕಟವಾದ, ಅದೇ ಆಕ್ಸ್‌ಫರ್ಡ್‌ನ ಡೆನಿಸ್ ಗಾತ್ ಮತ್ತು ಸಂಗಡಿಗರ ಅಧ್ಯಯನ. ಅತಿಸ್ರಾವದಿಂದ ಬಳಲುತ್ತಿದ್ದ 156 ಸ್ತ್ರೀಯರನ್ನು ಅವರು ಶಸ್ತ್ರಕ್ರಿಯೆಗೆ ಮೊದಲೂ ಅನಂತರವೂ ಸಂದರ್ಶಿಸಿದರು. ಮೊದಲು ಶೇ. 58ರಷ್ಟು ಮಂದಿಯಲ್ಲಿ ಮಾನಸಿಕ ತೊಂದರೆಗಳು ಕಂಡುಬಂದಿದ್ದವು. ಹದಿನೆಂಟು ತಿಂಗಳ ನಂತರ ಈ ಪ್ರಮಾಣ ಶೇ. 29ಕ್ಕೆ ಇಳಿದಿತ್ತು. ವರ್ಷಗಟ್ಟಲೆ ರಕ್ತಸ್ರಾವ, ನಿತ್ರಾಣ ಮತ್ತು ನೋವು ಸಹಿಸಿದವರಿಗೆ ಶಸ್ತ್ರಕ್ರಿಯೆ ಬಿಡುಗಡೆಯಾಗಿತ್ತು. ಶಸ್ತ್ರಕ್ರಿಯೆಗೆ ಮೊದಲೇ ಮನಸ್ಸು ನೊಂದಿದ್ದವರೇ ಅನಂತರವೂ ಹೆಚ್ಚಾಗಿ ನೊಂದರು ಎಂಬುದು ಇಲ್ಲಿಯ ಇನ್ನೊಂದು ತಿಳಿವು.

ಇದರಿಂದ ಖಿನ್ನತೆಯ ಮಾತು ಸುಳ್ಳೆಂದು ತೀರ್ಮಾನಿಸಲಾಗದು. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 1980ರಿಂದ 2002ರ ನಡುವೆ ಗರ್ಭಕೋಶ ತೆಗೆಸಿಕೊಂಡು ಅಂಡಾಶಯಗಳನ್ನು ಉಳಿಸಿಕೊಂಡ ಸುಮಾರು 2,100 ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವತ್ತು ವರ್ಷಗಳ ಅವಧಿಯಲ್ಲಿ ಅವರಲ್ಲಿ ಖಿನ್ನತೆಯ ಸಂಭವ ಇತರರಿಗಿಂತ ನೂರಕ್ಕೆ 6.6ರಷ್ಟು ಹೆಚ್ಚಿತ್ತು. ಹದಿನೆಂಟರಿಂದ ಮೂವತ್ತೈದರ ವಯಸ್ಸಿನಲ್ಲಿ ಶಸ್ತ್ರಕ್ರಿಯೆಯಾದವರಲ್ಲಿ ಈ ಹೆಚ್ಚಳ 12ರಷ್ಟಿತ್ತು. ಬಹುಮಂದಿಗೆ ಮನೋವ್ಯಾಧಿ ಬರುವುದಿಲ್ಲ. ಆದರೆ ಕಿರಿಯ ವಯಸ್ಸಿನವರಿಗೆ ಅಪಾಯ ಅಧಿಕ. ವಯಸ್ಸಿನ ಈ ಅಂಶವು ಭಾರತದ ಸಂದರ್ಭದಲ್ಲಿ ಎಷ್ಟು ಮುಖ್ಯವೆಂಬುದನ್ನು ಮುಂದೆ ಗಮನಿಸಲಾಗುವುದು.

ದಾಂಪತ್ಯದ ಪ್ರಶ್ನೆ

ಲೈಂಗಿಕ ಸುಖದ ವಿಷಯದಲ್ಲಿಯೂ ಇದೇ ಬಗೆಯ ಬೆಳವಣಿಗೆಯನ್ನು ಕಾಣಬಹುದು. 1966ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ತಮ್ಮ ಸಂಶೋಧನಾಗ್ರಂಥದಲ್ಲಿ ಸುಖದ ಪರಾಕಾಷ್ಠೆಯಲ್ಲಿ ಗರ್ಭಕೋಶವು ಸಂಕುಚಿಸುವುದನ್ನು ದಾಖಲಿಸಿದರು. ಹಾಗಾದರೆ ಆ ಅಂಗವಿಲ್ಲದವರ ಸುಖಕ್ಕೆ ಕುಂದುಂಟೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. 1983ರಲ್ಲಿ ಫಿನ್ಲೆಂಡಿನ ಕಿಲ್ಕು ಮತ್ತು ಸಂಗಡಿಗರು, ಗರ್ಭಕಂಠವನ್ನು ಉಳಿಸಿದರೆ ಸುಖಕ್ಕೆ ಹೆಚ್ಚು ಧಕ್ಕೆಯಾಗುವುದಿಲ್ಲವೆಂದು ಸೂಚಿಸಿದರು. ಈ ಅಭಿಪ್ರಾಯವನ್ನು ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 279 ಸ್ತ್ರೀಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಆ ಅಧ್ಯಯನದಲ್ಲಿ, ಗರ್ಭಕಂಠ ಉಳಿಸಿದವರಿಗೂ ತೆಗೆದವರಿಗೂ ಲೈಂಗಿಕ ಜೀವನದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. 2003ರ ಡಚ್ ಅಧ್ಯಯನವೂ ಶಸ್ತ್ರಕ್ರಿಯೆಯ ವಿಧಾನ ಯಾವುದೇ ಆಗಿರಲಿ, ಒಟ್ಟಾರೆಯಾಗಿ ಲೈಂಗಿಕ ಸುಖ ಹೆಚ್ಚಿತೆಂದು ವರದಿ ಮಾಡಿತು.

ಇವುಗಳ ಪೈಕಿ 1999ರಲ್ಲಿ ಪ್ರಕಟವಾದ ಅಮೆರಿಕದ ಮೇರಿಲ್ಯಾಂಡ್ ಅಧ್ಯಯನವನ್ನು ಪ್ರತ್ಯೇಕವಾಗಿ ನೆನೆಯಬೇಕು. 1,101 ಸ್ತ್ರೀಯರನ್ನು ಎರಡು ವರ್ಷಗಳ ಕಾಲ ಹಿಂಬಾಲಿಸಿ ಕೇಳಿದ ಅಧ್ಯಯನವಿದು. ಸಂಭೋಗಕಾಲದಲ್ಲಿ ನೋವು ಅನುಭವಿಸುತ್ತಿದ್ದವರ ಪ್ರಮಾಣ ಶಸ್ತ್ರಕ್ರಿಯೆಗೆ ಮೊದಲು ಶೇ. 18.6ರಷ್ಟಿದ್ದು, ಎರಡು ವರ್ಷಗಳ ನಂತರ ಶೇ. 3.6ಕ್ಕೆ ಇಳಿಯಿತು. ಇದರ ಕಾರಣ ಸರಳವಾಗಿದೆ. ಗಡ್ಡೆ, ಅತಿಸ್ರಾವ, ಸೋಂಕು ಮತ್ತು ನೋವು ದಾಂಪತ್ಯಸುಖದ ಶತ್ರುಗಳು. ಅವು ತೊಲಗಿದಾಗ ಸುಖಕ್ಕೆ ದಾರಿಯಾಗುತ್ತದೆ. ಗರ್ಭಕೋಶ ತೆಗೆದ ಮೇಲೆ ಯೋನಿಮಾರ್ಗದ ಮೇಲ್ತುದಿಯನ್ನು ಹೊಲಿದು ಮುಚ್ಚಲಾಗುತ್ತದೆ. ಗಾಯ ಮಾಯಲು ಸಾಮಾನ್ಯವಾಗಿ ಆರು ವಾರಗಳಾದರೂ ಬೇಕು. ಅಲ್ಲಿಯವರೆಗೆ ಕೂಡುವಿಕೆ ಸಲ್ಲದು. ಅನಂತರ ಅದಕ್ಕೆ ತಡೆಯಿಲ್ಲ. ಒಣಗುವಿಕೆಯಿದ್ದರೆ ಅದಕ್ಕೆ ಲೇಪಗಳಿವೆ, ಹಾರ್ಮೋನ್ ಚಿಕಿತ್ಸೆಯಿದೆ. ಎಲ್ಲರಿಗೂ ಒಂದೇ ಫಲವೆಂದು ಹೇಳುವಂತಿಲ್ಲ. ಕೆಲವರಿಗೆ ಸ್ಪರ್ಶದ ಅನುಭವ ಬದಲಾಗುತ್ತದೆ, ಕೆಲವರಿಗೆ ಆಸಕ್ತಿ ಕುಂದುತ್ತದೆ. ಕ್ಯಾನ್ಸರ್‌ಗಾಗಿ ನಡೆಯುವ ವಿಸ್ತೃತ ಶಸ್ತ್ರಕ್ರಿಯೆಗಳ ಪರಿಣಾಮ ಇನ್ನೂ ತೀವ್ರವಾಗಿರಬಹುದು. ಇಂತಹವರ ಅನುಭವವನ್ನು ಸರಾಸರಿ ಅಂಕಿಗಳು ಮರೆಮಾಡಬಾರದು.

ಈ ಎಲ್ಲ ಅಧ್ಯಯನಗಳಿಂದ ಹೊರಡುವ ತಾತ್ಪರ್ಯವನ್ನು ಹೀಗೆ ಸಂಗ್ರಹಿಸಬಹುದು. ಅಂಗ ಹೋಯಿತೆಂಬುದೊಂದೇ ಸ್ತ್ರೀಯ ಮುಂದಿನ ಸುಖದುಃಖಗಳನ್ನು ನಿರ್ಧರಿಸುವುದಿಲ್ಲ. ಯಾವ ಕಾರಣಕ್ಕೆ ತೆಗೆಯಲಾಯಿತು, ಯಾವ ವಯಸ್ಸಿನಲ್ಲಿ ತೆಗೆಯಲಾಯಿತು, ಅಂಡಾಶಯಗಳು ಉಳಿದವೆ, ಆಕೆಗೆ ತಿಳಿಸಿ ಕೇಳಲಾಯಿತೆ, ಮನೆಯವರು ಹೇಗೆ ನಡೆದುಕೊಂಡರು ಎಂಬಿವು ನಿರ್ಣಾಯಕವಾಗುತ್ತವೆ. ಮೇಲಿನ ಸಮಾಧಾನಕರ ಅಂಕಿಗಳೆಲ್ಲ ನಿಜವಾದ ವ್ಯಾಧಿಯಿಂದ ನರಳಿದ, ಶಸ್ತ್ರಕ್ರಿಯೆಯಿಂದ ಪರಿಹಾರ ಬಯಸಿದ ಸ್ತ್ರೀಯರಿಗೆ ಸಂಬಂಧಿಸಿದವು. ಈ ನಿಬಂಧನೆಗಳೇ ಇಲ್ಲದೆಡೆ ಆ ಸಮಾಧಾನವನ್ನು ಅನ್ವಯಿಸುವುದು ತಪ್ಪಾಗುತ್ತದೆ. ಭಾರತದ ಇತ್ತೀಚಿನ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ.

ಭಾರತ ಮತ್ತು ಕರ್ನಾಟಕ

1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಕೇಂದ್ರದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಸಿದ ಪ್ರಕರಣ ದೇಶವ್ಯಾಪಿ ಚರ್ಚೆಗೆ ಒಳಗಾಯಿತು. ಮುಟ್ಟಿನ ಶುಚಿತ್ವವನ್ನು ನಿಭಾಯಿಸುವುದು ಕಷ್ಟವೆಂಬುದು ಆಗ ನೀಡಲಾದ ಕಾರಣ. ಒಪ್ಪಿಗೆ ಕೊಡಲಾರದವರ ಪರವಾಗಿ ಯಾರು ಒಪ್ಪಿಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಮಹಿಳಾ ಸಂಘಟನೆಗಳು ಎತ್ತಿದವು.

2015-16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ಶೇ. 3.2ರಷ್ಟು ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಆಂಧ್ರಪ್ರದೇಶದಲ್ಲಿ ಈ ಪ್ರಮಾಣ ಶೇ. 8.9ರಷ್ಟಿತ್ತು. ಶಸ್ತ್ರಕ್ರಿಯೆಯಾದವರ ಮಧ್ಯಮ ವಯಸ್ಸು ಕೇವಲ 34 ವರ್ಷ. ಸುಮಾರು ಮೂರರಲ್ಲಿ ಎರಡು ಪಾಲು ಶಸ್ತ್ರಕ್ರಿಯೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಮೇಯೋ ಅಧ್ಯಯನವು ಅಪಾಯ ಅಧಿಕವೆಂದು ಗುರುತಿಸಿದ ವಯೋಮಾನಕ್ಕೇ ನಮ್ಮ ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿ ಸೇರುತ್ತಾರೆ ಎಂಬುದು ಇಲ್ಲಿ ಕಳವಳಪಡಬೇಕಾದ ಸಂಗತಿ. ಸಮೀಕ್ಷೆಯು ಯಾವಾಗ, ಎಲ್ಲಿ, ಏಕೆ ಎಂದು ಕೇಳಿತು. ಅನಂತರ ಆಕೆ ಹೇಗಿದ್ದಾಳೆ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಸೇರಲಿಲ್ಲ.

ಕರ್ನಾಟಕದಲ್ಲಿ 2015ರಲ್ಲಿ ಕಲಬುರಗಿ ಜಿಲ್ಲೆಯ ಪ್ರಕರಣ ಬೆಳಕಿಗೆ ಬಂದಿತು. ಲಂಬಾಣಿ ತಾಂಡಾಗಳ ಹಾಗೂ ದಲಿತ ಕೇರಿಗಳ ಹೆಂಗಸರು ಹೊಟ್ಟೆನೋವು, ಬಿಳಿಸೆರಗು, ಸೊಂಟನೋವು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ, ಕ್ಯಾನ್ಸರಿನ ಭಯಕ್ಕೆ ಒಳಗಾಗಿ, ಗರ್ಭಚೀಲ ತೆಗೆಸಿಕೊಂಡು ಮರಳಿದ್ದರು. ಔಷಧಿಯಿಂದ ಗುಣವಾಗಬಹುದಾದ ಬಾಧೆಗಳಿಗೆ ಶಸ್ತ್ರವೇ ಮೊದಲ ಉತ್ತರವಾಗಿತ್ತು. ಆರೋಗ್ಯ ಇಲಾಖೆಯ ತನಿಖೆ ನಡೆಯಿತು. 2017ರ ಫೆಬ್ರುವರಿಯಲ್ಲಿ ಆ ಸ್ತ್ರೀಯರೇ ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. 2019ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸಂಗತಿ ಹೊರಬಂದಿತು. ಹಂಗಾಮಿನಲ್ಲಿ ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಿಗೂ ಬರುವ ಸಮುದಾಯ ಅದು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ಗುತ್ತಿಗೆದಾರನಿಗೆ ದಂಡ ತೆರಬೇಕು. ಆ ಭಯ ಮತ್ತು ವೈದ್ಯರ ಸಲಹೆ ಎರಡೂ ಕೂಡಿದವು. ಸರ್ಕಾರಿ ಸಮೀಕ್ಷೆಗೆ ಒಳಪಟ್ಟ 82,309 ಸ್ತ್ರೀಯರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು.

ಇಂತಹ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಅವರು 2013ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದ್ದರು. 2023ರ ಏಪ್ರಿಲ್ 5ರಂದು ತೀರ್ಪು ನೀಡಿದ ನ್ಯಾಯಾಲಯವು, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. 1867ರಲ್ಲಿ ಲಂಡನ್ನಿನ ಸಂಘದಲ್ಲಿ ಎದ್ದ ಒಪ್ಪಿಗೆಯ ಪ್ರಶ್ನೆ ಹೀಗೆ ನಮ್ಮ ನ್ಯಾಯಾಂಗದ ಮುಂದೆ ಬಂದು ನಿಂತಿತು.

ಕನ್ನಡದ ಅರಿವು

ಈ ವಿಷಯವನ್ನು ಮಾತನಾಡಲು ಬೇಕಾದ ಭಾಷೆಯನ್ನು ಕನ್ನಡವು ಪಡೆದುಕೊಂಡದ್ದರ ಹಿಂದೆ ಕೆಲವು ಬರಹಗಾರರ ಶ್ರಮವಿದೆ. ವೈದ್ಯರೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934-1991) 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಮೊದಲಾದ ಕೃತಿಗಳ ಮೂಲಕ ಸ್ತ್ರೀಶರೀರದ ವಿಷಯಗಳನ್ನು ಸಂಕೋಚವಿಲ್ಲದೆ, ಗೌರವದಿಂದ ಹೇಳುವ ಗದ್ಯವೊಂದನ್ನು ರೂಢಿಸಿದರು. ಡಾ. ಎಂ. ಶಿವರಾಂ ಅವರ 'ಮನಮಂಥನ' ಮನೋವ್ಯಾಧಿಯ ವಿಷಯವನ್ನು ಸಾಮಾನ್ಯ ಓದುಗರ ಬಳಿಗೆ ತಂದು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಗೆ ಪಾತ್ರವಾಯಿತು.

ತ್ರಿವೇಣಿಯವರ 'ಶರಪಂಜರ' ಕಾದಂಬರಿಯ ವಸ್ತು ಬಾಣಂತಿಯ ಮನೋವ್ಯಾಧಿ, ಗರ್ಭಕೋಶದ ಶಸ್ತ್ರಕ್ರಿಯೆಯಲ್ಲ. ಆದರೂ ಅದನ್ನು ಇಲ್ಲಿ ನೆನೆಯಲು ಕಾರಣವಿದೆ. ಅದರ ನಾಯಕಿ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಮರಳುತ್ತಾಳೆ. ಆಕೆಯನ್ನು ಮತ್ತೆ ಕುಸಿಯುವಂತೆ ಮಾಡುವುದು ಗಂಡನ ದೂರವಾಗುವಿಕೆ ಮತ್ತು ಸುತ್ತಲಿನವರ ಸಂಶಯದ ಕಣ್ಣು. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರದ ಮೂಲಕ ಈ ಕಥೆ ಕನ್ನಡದ ಮನೆಮನೆಯನ್ನು ತಲಪಿತು. ಗರ್ಭಕೋಶ ತೆಗೆಸಿಕೊಂಡು ಬಂದ ಹೆಣ್ಣಿಗೂ ಈ ಮಾತು ಸಲ್ಲುತ್ತದೆ. ಗಾಯವು ಆರು ವಾರಗಳಲ್ಲಿ ಮಾಯಬಹುದು. 'ಇನ್ನು ನೀನು ಮೊದಲಿನವಳಲ್ಲ' ಎಂದು ನಡತೆಯಿಂದ ಸೂಚಿಸುವ ಮನೆಯಲ್ಲಿ ಮನಸ್ಸು ಮಾಯುವುದು ಕಷ್ಟ. ಮೈಯಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ, ತಪ್ಪು ತಿಳಿವಳಿಕೆಯಿಂದ ದೂರ ಸರಿದ ಗಂಡನಿಂದಲೇ ದಾಂಪತ್ಯ ಬರಡಾಗುವುದುಂಟು.

ಸಮಾರೋಪ

ಗರ್ಭಕೋಶವು ಅಲೆದಾಡುವ ಜೀವಿಯೂ ಅಲ್ಲ, ಕೆಲಸ ಮುಗಿದ ಮೇಲೆ ಎಸೆಯುವ ಚೀಲವೂ ಅಲ್ಲ, ಹೆಣ್ಣುತನದ ಏಕೈಕ ನೆಲೆಯೂ ಅಲ್ಲ. ಅಗತ್ಯವಿದ್ದಲ್ಲಿ ಅದನ್ನು ತೆಗೆಸಿಕೊಂಡ ಸ್ತ್ರೀ ಪೂರ್ಣ ಸ್ತ್ರೀಯಾಗಿಯೇ, ಸುಖಿಯಾಗಿಯೇ ಬಾಳಬಲ್ಲಳು. ಅಗತ್ಯವಿಲ್ಲದೆ, ಕೇಳದೆ, ಕಿರಿಯ ವಯಸ್ಸಿನಲ್ಲಿ ತೆಗೆದರೆ ಆಗುವ ಹಾನಿ ದೀರ್ಘಕಾಲದ್ದು. ಇವೆರಡನ್ನೂ ಒಟ್ಟಿಗೆ ಹೇಳುವುದು ಇಂದಿನ ಅಗತ್ಯ. ಮೊದಲನೆಯದನ್ನು ಮಾತ್ರ ಹೇಳಿದರೆ ಅನಗತ್ಯ ಶಸ್ತ್ರಕ್ರಿಯೆಗೆ ಸಮರ್ಥನೆ ದೊರೆಯುತ್ತದೆ. ಎರಡನೆಯದನ್ನು ಮಾತ್ರ ಹೇಳಿದರೆ ಈಗಾಗಲೇ ಶಸ್ತ್ರಕ್ರಿಯೆಯಾದ ಲಕ್ಷಾಂತರ ಸ್ತ್ರೀಯರ ಎದೆಯಲ್ಲಿ ಭಯ ನೆಲೆಸುತ್ತದೆ.

ಸಂಶೋಧಕರ ಮುಂದೆಯೂ ಒಂದು ಕರ್ತವ್ಯವಿದೆ. ಲಾಂಗನ್‌ಬೆಕ್‌ನ ರೋಗಿಯ ಇಪ್ಪತ್ತಾರು ವರ್ಷಗಳ ಬದುಕು ಆ ಕಥೆಯಿಂದ ಜಾರಿಹೋಯಿತು. ಕಲಬುರಗಿಯ ತಾಂಡಾಗಳ ಸ್ತ್ರೀಯರು ಇಂದು ನಮ್ಮ ನಡುವೆಯೇ ಇದ್ದಾರೆ. ಅವರ ನಿದ್ರೆ, ದುಡಿಮೆ, ದುಃಖ, ದಾಂಪತ್ಯ ಇವುಗಳ ಕುರಿತು ಅವರದೇ ಮಾತಿನಲ್ಲಿ, ಅವರ ಒಪ್ಪಿಗೆಯಿಂದ, ಮೌಖಿಕ ಇತಿಹಾಸದ ಕ್ರಮದಲ್ಲಿ ದಾಖಲೆಗಳನ್ನು ಸಿದ್ಧಪಡಿಸುವುದು ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಕೈಗೊಳ್ಳಬೇಕಾದ ಕಾರ್ಯವಾಗಿದೆ. ಅದು ಸಾಧ್ಯವಾದರೆ ಸ್ತ್ರೀಶರೀರದ ಚರಿತ್ರೆಯಲ್ಲಿ ಬಿಟ್ಟುಹೋದ ಒಂದು ಅಧ್ಯಾಯವನ್ನು ಕನ್ನಡದಲ್ಲಿಯೇ ಬರೆಯಬಹುದು.